ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಷ್ಟು ತಾಸು?

“ಒಂದ್ ತಾಸಿನ್ಯಾಗ ಬೆಂಗಳೂರ ಮುಟ್ಟತಾರಂತ, ಖರೇನ್ರಿ?” ಲಕ್ಷ್ಮೇಶ್ವರದ ಬಜಾರಿನಲ್ಲಿರುವ ನನ್ನ ಟಿಕೆಟ್ ಬುಕಿಂಗ್ ಅಂಗಡಿಗೆ ಬಂದವರು ಹೆಚ್ಚಾಗಿ ಕೇಳುವುದು ಇದನ್ನೇ. ಮೊದಲ ಸಲ ವಿಮಾನ ಹತ್ತುವ ಹಿರಿಯರಾದರೆ, ರೊಕ್ಕ ತೆಗೆದುಕೊಳ್ಳುವ ಮೊದಲು ಒಂದು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸುತ್ತೇನೆ.

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಹುಬ್ಬಳ್ಳಿ ನಿಲ್ದಾಣದಿಂದ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಸುಮಾರು 370 ಕಿಲೋಮೀಟರ್. ಪೈಲಟ್‌ಗಳು ಅಳೆಯುವುದು ನಾಟಿಕಲ್ ಮೈಲಿಯಲ್ಲಿ, ಒಂದಕ್ಕೆ 1.852 ಕಿಲೋಮೀಟರ್, ಆ ಲೆಕ್ಕದಲ್ಲಿ ಸುಮಾರು 200 ನಾಟಿಕಲ್ ಮೈಲಿ. ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ವಿಮಾನ ತಾಸಿಗೆ 500 ಕಿಲೋಮೀಟರ್ ಹೋಗುತ್ತದೆ. ಭಾಗಿಸಿದರೆ ಮುಕ್ಕಾಲು ತಾಸೂ ಆಗುವುದಿಲ್ಲ. ಆದರೆ ಮೇಲೇರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ; ರನ್‌ವೇವರೆಗೆ ಉರುಳಬೇಕು, ಬೆಂಗಳೂರಿನ ಆಕಾಶದಲ್ಲಿ ಸರದಿ ಕಾಯಬೇಕಾಗಬಹುದು. ಅದಕ್ಕೇ ಟಿಕೆಟ್ ಮೇಲೆ ಒಂದು ತಾಸು, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ.

ಈ ದಾರಿಗೆ ಒಂದು ಹೆಮ್ಮೆಯೂ ಇದೆ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಶುರುವಾದಾಗ ಅದರ ಮೊದಮೊದಲ ದಾರಿಗಳಲ್ಲಿ ಹುಬ್ಬಳ್ಳಿ–ಬೆಂಗಳೂರೂ ಒಂದು. ಸಾಮಾನ್ಯರ ಕೈಗೆಟುಕುವ ವಿಮಾನ ಈ ದೇಶದಲ್ಲಿ ಶುರುವಾದಾಗ ನಮ್ಮ ಮಗ್ಗುಲೂ ಅದರಲ್ಲಿತ್ತು.

ಇನ್ನು ಹಾಳೆಯ ಉಳಿದ ಭಾಗ. ಲಕ್ಷ್ಮೇಶ್ವರದಿಂದ ಗುಡಗೇರಿ, ಕುಂದಗೋಳ ದಾಟಿ, ಹುಬ್ಬಳ್ಳಿ ಊರನ್ನೇ ಹಾದು ಗೋಕುಲ ರಸ್ತೆಯ ವಿಮಾನ ನಿಲ್ದಾಣ ಸೇರಲು ಒಂದೂವರೆ ತಾಸು ಹಿಡಿಯಿರಿ. ಅಲ್ಲಿ ಒಂದೂವರೆ ತಾಸು ಮೊದಲೇ ಇರಬೇಕು. ಹಾರಾಟ ಒಂದು ತಾಸು. ಇಳಿದು ಸಾಮಾನು ಹಿಡಿದು, ದೇವನಹಳ್ಳಿಯಿಂದ ಮೆಜೆಸ್ಟಿಕ್ ಮುಟ್ಟಲು ಮತ್ತೆರಡು ತಾಸು. ಒಟ್ಟು ಆರು! 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ ಬೆಂಗಳೂರಿಗೆ ತೆಗೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ಮನೆಯಿಂದ ಹುಬ್ಬಳ್ಳಿಯ ಹಾದಿ ಸೇರಿಸಿದರೂ ವಿಮಾನದಿಂದ ಉಳಿಯುವುದು ಒಂದೆರಡು ತಾಸು.

ದೂರ ಕಡಿಮೆಯಾದಂತೆ ಈ ಲಾಭ ಕರಗುತ್ತದೆ. ಹುಬ್ಬಳ್ಳಿಯಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ನೇರ ಗೆರೆ 75 ಕಿಲೋಮೀಟರ್. ಹೆದ್ದಾರಿಯಲ್ಲಿ ಕಾರು ಎರಡು ತಾಸಿನೊಳಗೆ ಮುಟ್ಟುವಾಗ ಅಲ್ಲಿ ವಿಮಾನ ಹಾರಿಸಿ ಫಲವಿಲ್ಲ. ಸ್ಕಾಟ್ಲೆಂಡಿನ ಆರ್ಕ್ನಿಯಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಡುವೆ 2.7 ಕಿಲೋಮೀಟರ್‌ಗೂ ವಿಮಾನವಿದೆ, ಎರಡೇ ನಿಮಿಷದ ದಾರಿ. ಅಲ್ಲಿ ನಡುವೆ ಸಮುದ್ರವಿದೆ, ಜನರಿಗೆ ಅದು ಬೇಕು.

ಹಾಗಂತ ಹುಬ್ಬಳ್ಳಿ ವಿಮಾನ ಬೇಡವೆಂದಲ್ಲ. ದೆಹಲಿಗೆ, ದುಬೈಗೆ ಹೋಗುವವರಿಗೆ, ದೇವನಹಳ್ಳಿಯಲ್ಲೇ ಇನ್ನೊಂದು ವಿಮಾನ ಹಿಡಿಯುವವರಿಗೆ ಅದು ಇಡೀ ರಾತ್ರಿಯ ಬಸ್ಸನ್ನು ತಪ್ಪಿಸುತ್ತದೆ. ಅಂಥವರಿಗೆ ನಾನೇ ಒತ್ತಾಯ ಮಾಡಿ ಟಿಕೆಟ್ ಕೊಡುತ್ತೇನೆ.

ನಮ್ಮ ಭಾಗಕ್ಕೆ ಬೇಕಾಗಿರುವುದು ಆಕಾಶದಲ್ಲಿ ಹತ್ತು ನಿಮಿಷದ ಉಳಿತಾಯವಲ್ಲ, ನೆಲದ ಮೇಲಿನ ಆ ಒಂದೂವರೆ ತಾಸು ಇಳಿಯಬೇಕು. ಗದಗ–ಯಲವಿಗಿ ರೈಲುಮಾರ್ಗಕ್ಕಾಗಿ ಶಿರಹಟ್ಟಿ, ಲಕ್ಷ್ಮೇಶ್ವರದ ಜನ ಬಹಳ ಕಾಲದಿಂದ ಕೇಳುತ್ತಲೇ ಇದ್ದಾರೆ. ಅದು ಬೇಗ ಆಗಲಿ. ವಿಮಾನದ ವೇಳೆಗೆ ಹೊಂದುವ ಬಸ್ಸು ಇಲ್ಲಿಂದ ನೇರ ಗೋಕುಲ ರಸ್ತೆಗೆ ಹೋಗಲಿ. ಅಲ್ಲಿಯವರೆಗೆ, ಟಿಕೆಟ್ ತೆಗೆಸುವಾಗ ನಿಮ್ಮ ಮನೆಯ ಹೊಸ್ತಿಲಿನಿಂದ ತಾಸು ಎಣಿಸಿರಿ.