ನೆರಳಿಲ್ಲದ ನಡುಹಗಲು

ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯನು ನೆತ್ತಿಯ ಮೇಲಿರುವನೆಂದು ಮಕ್ಕಳಿಗೆ ಹೇಳುವುದು ವಾಡಿಕೆ. ಅಳೆದು ನೋಡಿದರೆ ನಿಜ ಬೇರೆಯೇ ಇದೆ.

ಭೂಮಿಯ ಅಕ್ಷವು ಸುಮಾರು 23.5 ಡಿಗ್ರಿ ಓರೆಯಾಗಿದೆ. ಆದಕಾರಣ ಸೂರ್ಯನು ನೇರ ನೆತ್ತಿಗೆ ಬರುವ ಸ್ಥಳವು ವರ್ಷವಿಡೀ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತಿರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಏಪ್ರಿಲ್ 23 ಹಾಗೂ ಆಗಸ್ಟ್ 20ರ ಆಸುಪಾಸಿನಲ್ಲಿ ಮಾತ್ರ, ನೆಟ್ಟಗೆ ನಿಂತ ಕೋಲಿನ ನೆರಳು ನಡುಹಗಲಲ್ಲಿ ಕ್ಷಣಕಾಲ ಇಲ್ಲವಾಗುತ್ತದೆ.

ಆ ಕ್ಷಣವೂ ಹನ್ನೆರಡಕ್ಕೆ ಬರುವುದಿಲ್ಲ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ವೇಳೆಯನ್ನು ತೋರಿಸುತ್ತವೆ. ಈ ಊರುಗಳು 77 ಡಿಗ್ರಿಯ ಸಮೀಪದಲ್ಲಿವೆ. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಹಿಡಿಯುತ್ತದೆ. ಹೀಗಾಗಿ ಏಪ್ರಿಲ್‌ನಲ್ಲಿ ಇಲ್ಲಿಯ ನಡುಹಗಲು ಸುಮಾರು 12 ಗಂಟೆ 20 ನಿಮಿಷಕ್ಕೆ.

ಆಗಸ್ಟ್‌ನಲ್ಲಿ ಮೋಡ ಅಡ್ಡಿಯಾದೀತು. ಏಪ್ರಿಲ್ ರಜೆಯೇ ತಕ್ಕ ಕಾಲ. ಹಿರಿಯರು ಮಕ್ಕಳೊಡನೆ ಅಂಗಳದಲ್ಲಿ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡರಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಸೀಮೆಸುಣ್ಣದಿಂದ ಗುರುತಿಸಲಿ. ಸೂರ್ಯನನ್ನು ಮಾತ್ರ ಬರಿಗಣ್ಣಿನಿಂದ ನೋಡಕೂಡದು.

ಬಾಯಿಪಾಠ ಮಾಡಿದ್ದು ಪರೀಕ್ಷೆಯೊಡನೆ ಮರೆತುಹೋದೀತು. ಮಗುವು ತಾನೇ ಅಳೆದು ಕಂಡದ್ದು ಕೊನೆಯವರೆಗೂ ಉಳಿಯುತ್ತದೆ.