ದಂಡಧರನಿಗೆ ದಂಡವುಂಟೇ?

ಸಾಮಾನ್ಯನಿಗೆ ಒಂದು ಕಾರ್ಷಾಪಣವು ದಂಡವಾಗುವ ಅಪರಾಧಕ್ಕೆ ಅರಸನಿಗೆ ಸಾವಿರವೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ಆದರೆ ಆ ದಂಡವನ್ನು ವಸೂಲುಮಾಡುವವರಾರು? ಕೋಶವು ಅರಸನದು, ದಂಡವನ್ನು ಧರಿಸಿದವನೂ ಅವನೇ. ಆದುದರಿಂದ ವ್ಯಾಖ್ಯಾನಕಾರರು, ಅರಸರಿಗೆ ವರುಣನೇ ದಂಡಾಧಿಪತಿಯೆಂಬ ವಚನವನ್ನಾಶ್ರಯಿಸಿ, ಆ ದ್ರವ್ಯವನ್ನು ನೀರಿನಲ್ಲಿ ಹಾಕಬೇಕು ಇಲ್ಲವೆ ಬ್ರಾಹ್ಮಣರಿಗೆ ಕೊಡಬೇಕೆಂದು ಸಮಾಧಾನ ಹೇಳಿದರು. ಅಧಿಕಾರಕ್ಕೆ ಮೇರೆಯೇನೋ ಉಂಟು. ಆ ಮೇರೆಯನ್ನು ಕಾಯುವ ಬೇರೊಂದು ಕೈಯಿಲ್ಲ. ಮೀರಿದವನೇ ತನ್ನನ್ನು ದಂಡಿಸಿಕೊಳ್ಳಬೇಕು.

1950ನೆಯ ಜನವರಿ 26ರಂದು ಜಾರಿಗೆ ಬಂದ ಭಾರತ ಸಂವಿಧಾನವು ಈ ಕೊರತೆಯನ್ನು ಅಧಿಕಾರವಿಭಾಗದಿಂದ ಪರಿಹರಿಸಿದೆ. ಕೇಂದ್ರಕ್ಕೂ ರಾಜ್ಯಗಳಿಗೂ ವಿಷಯಗಳನ್ನು ಹಂಚಿದೆ. ಮಂತ್ರಿಮಂಡಲವು ಶಾಸನಸಭೆಗೆ ಹೊಣೆಯಾಗಿರುವುದರಿಂದ ಅವೆರಡರ ಭೇದವು ಪೂರ್ಣವಲ್ಲ. ನ್ಯಾಯಸ್ಥಾನವಾದರೋ ಎರಡರಿಂದಲೂ ಪೃಥಕ್ಕಾಗಿದೆ. ಇದರ ಫಲವೇನೆಂಬುದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯುಂಟು.

ನಮ್ಮ ಸಿದ್ದಾಪುರ ಸೀಮೆಯ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಮುಖ್ಯಮಂತ್ರಿಪದವನ್ನು ತ್ಯಜಿಸಿದ ಮೇಲೆ ಎಸ್. ಆರ್. ಬೊಮ್ಮಾಯಿಯವರು ಆ ಸ್ಥಾನಕ್ಕೆ ಬಂದರು. 1989ರ ಏಪ್ರಿಲಿನಲ್ಲಿ, ಕೆಲವು ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಬರೆದರು. ಸಭೆಯಲ್ಲಿಯೇ ಬಹುಮತವನ್ನು ತೋರಿಸುವೆನು, ಬೇಕಾದರೆ ಅಧಿವೇಶನವನ್ನು ಮುಂಚಿತವಾಗಿ ಕರೆಯಬಹುದೆಂದು ಬೊಮ್ಮಾಯಿಯವರು ವಿಜ್ಞಾಪಿಸಿದರೂ ಅದಕ್ಕೆ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು 356ನೆಯ ಅನುಚ್ಛೇದದ ಮೇರೆಗೆ ಸರಕಾರವು ವಜಾ ಆಯಿತು; ಸಭೆಯೂ ವಿಸರ್ಜಿತವಾಯಿತು. ಉಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ಎತ್ತಿಹಿಡಿಯಲಿಲ್ಲ.

ಇಲ್ಲಿ ಪೂರ್ವಪಕ್ಷವಿದು: ರಾಷ್ಟ್ರಪತಿಗಳಿಗೆ ಮನವರಿಕೆಯಾದರೆ ಸಾಕು, ಮಂತ್ರಿಗಳು ಅವರಿಗಿತ್ತ ಸಲಹೆಯನ್ನು ನ್ಯಾಯಾಲಯವು ವಿಚಾರಿಸಲಾಗದೆಂದು 74ನೆಯ ಅನುಚ್ಛೇದವೇ ಹೇಳುತ್ತದೆ. 1994ನೆಯ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಮಾಡಿದ ಸಿದ್ಧಾಂತವಿದು: ಸಲಹೆಯು ವಿಚಾರ್ಯವಲ್ಲ, ಅದಕ್ಕೆ ಆಧಾರವಾದ ಸಾಮಗ್ರಿಯು ವಿಚಾರ್ಯವೇ. ಬಹುಮತದ ಪರೀಕ್ಷೆಗೆ ಸಭಾಂಗಣವೇ ಸ್ಥಾನ, ರಾಜ್ಯಪಾಲರ ಅಭಿಪ್ರಾಯವಲ್ಲ. ಸಂಸತ್ತಿನ ಉಭಯ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸತಕ್ಕದ್ದಲ್ಲ. ಕರ್ನಾಟಕದ ಘೋಷಣೆಯು ಸಂವಿಧಾನವಿರುದ್ಧವೆಂದೂ ನಿರ್ಣಯವಾಯಿತು.

ಈ ನಿರ್ಣಯದಿಂದ ಬೊಮ್ಮಾಯಿಯವರಿಗೆ ಪದವಿಯು ಮರಳಿ ಬರಲಿಲ್ಲ. ಅಷ್ಟರಲ್ಲಿ ಚುನಾವಣೆಯೇ ನಡೆದುಹೋಗಿತ್ತು. ತಡವಾದ ನ್ಯಾಯವು ನೊಂದವನ ಕೈಗೆ ಸಿಕ್ಕದೆಂಬ ದೋಷವನ್ನು ಮುಚ್ಚಿಡಲಾಗದು. ಆದರೂ 2016ರಲ್ಲಿ ಉತ್ತರಾಖಂಡದ ಸರಕಾರವು ಇದೇ ಬಗೆಯಾಗಿ ಕೆಳಗಿಳಿದಾಗ, ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಸಭೆಯೊಳಗೇ ಮತ ಎಣಿಸಲಾಗಿ, ಅದು ಮರಳಿ ಪದವಿಗೆ ಬಂದಿತು.

ಅರಸನು ಧರ್ಮಕ್ಕೆ ಅಧೀನನೆಂಬ ತತ್ತ್ವವನ್ನು ನಮ್ಮ ಪೂರ್ವಿಕರು ಅರಿತಿದ್ದರು. ಆ ಅಧೀನತೆಯನ್ನು ಅವನ ಮನಸ್ಸಾಕ್ಷಿಗೆ ಬಿಡದೆ ಇನ್ನೊಬ್ಬರ ಕೈಗೆ ಒಪ್ಪಿಸಿದ್ದೇ ಸಂವಿಧಾನದ ವಿಶೇಷವೆಂದು ತಿಳಿಯತಕ್ಕದ್ದು.