ಹೆಸರು ಹಿಡಿದು ಕರೆದರೆ ಓಗೊಡುವ ಪರದೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡಲೆಕಾಯಿ ಬೆಳೆಗಾರರಿಗೆ ತಾಲ್ಲೂಕುವಾರು ಮಳೆ ತಿಳಿಸುವ ಆ್ಯಪ್ ಬರೆಯಬೇಕೆಂದಿಟ್ಟುಕೊಳ್ಳಿ. ಪರದೆಯಲ್ಲಿ ನಾಲ್ಕು ಖಾನೆ. ಸರ್ವರ್‌ನಿಂದ ತಾಲ್ಲೂಕಿನ ಹೆಸರು, ಮಳೆಯ ಪ್ರಮಾಣ ಬರುತ್ತವೆ. ಯಾವ ಅಂಕಿ ಯಾವ ಖಾನೆಯದೆಂದು ಫೋನಿಗೆ ಗೊತ್ತಾಗುವುದು ಹೇಗೆ?

2008ರಲ್ಲಿ ಆಂಡ್ರಾಯ್ಡ್‌ನ ಮೊದಲ ಆವೃತ್ತಿ ಹೊತ್ತು ಬಂದ ಎಚ್‌ಟಿಸಿ ಡ್ರೀಮ್ ಫೋನಿಗಿದ್ದದ್ದು 192 ಎಂಬಿ ರ‍್ಯಾಮ್. ಅಂಥ ಫೋನಿನಲ್ಲಿ ಹೆಸರಿಗಿಂತ ಸಂಖ್ಯೆಯಿಂದ ಹುಡುಕುವುದೇ ಸಲೀಸು. ಆ್ಯಪ್ ಕಟ್ಟುವಾಗಲೇ ಪ್ರತಿ ಹೆಸರಿಗೂ 32 ಬಿಟ್‌ನ ಸಂಖ್ಯೆ ಕೊಟ್ಟು ‘ಆರ್’ ಎಂಬ ಕ್ಲಾಸಿನಲ್ಲಿ ಬರೆದಿಡಲಾಗುತ್ತದೆ. ‘ಫೈಂಡ್‌ವ್ಯೂಬೈಐಡಿ’ಗೆ ಆ ಸಂಖ್ಯೆ ಕೊಟ್ಟರೆ ಖಾನೆ ಸಿಗುತ್ತದೆ. ಹೆಸರು ತಪ್ಪಿದರೆ ಕಂಪೈಲರ್ ಅಲ್ಲೇ ತಡೆಯುತ್ತದೆ.

ಹೆಸರು ಸರ್ವರ್‌ನಿಂದ ಬರುವುದಾದರೆ? ಅದಕ್ಕೂ ಆಂಡ್ರಾಯ್ಡ್‌ನ ಮೊದಲ ಆವೃತ್ತಿಯಲ್ಲೇ ದಾರಿಯಿತ್ತು: ‘ಗೆಟ್‌ಐಡೆಂಟಿಫೈಯರ್’. ಹೆಸರು, ಬಗೆ, ಪ್ಯಾಕೇಜ್ ಕೊಟ್ಟರೆ ಆ್ಯಪ್ ಓಡುತ್ತಿರುವಾಗಲೇ ಸಂಖ್ಯೆ ಹುಡುಕಿ ಕೊಡುತ್ತದೆ. ‘ಮಳೆ_’ಗೆ ತಾಲ್ಲೂಕಿನ ಹೆಸರು ಅಂಟಿಸಿದರಾಯಿತು, ನಾಲ್ಕು ಖಾನೆಗೂ ಒಂದೇ ಲೂಪ್. ಇದನ್ನು ಬಳಸದಿದ್ದರೇ ಒಳ್ಳೆಯದೆಂದು ಆಂಡ್ರಾಯ್ಡ್‌ನ ಕೈಪಿಡಿಯೇ ಹೇಳುತ್ತದೆ. ಅದು ಕೊಡುವ ಕಾರಣ ವೇಗ. ನನ್ನ ಆತಂಕ ಬೇರೆ.

ಶಿರಾವನ್ನು ಇಂಗ್ಲಿಷಿನಲ್ಲಿ ಕೆಲವರು ‘ಎಸ್‌ಐ’ ಎಂದು, ಕೆಲವರು ‘ಎಸ್‌ಎಚ್‌ಐ’ ಎಂದು ಶುರುಮಾಡುತ್ತಾರೆ. ಖಾನೆಗೆ ಒಂದು, ಸರ್ವರ್‌ನಲ್ಲಿ ಇನ್ನೊಂದು ಇದ್ದರೆ ಸಿಗುವುದು ಸೊನ್ನೆ. ಸೊನ್ನೆ ಹಿಡಿದು ಹೋದರೆ ಖಾನೆಯಿಲ್ಲ. ಇಲ್ಲದ ಖಾನೆಗೆ ಅಂಕಿ ತುಂಬಲು ಹೋದ ಆ್ಯಪ್ ತಟ್ಟನೆ ಮುಚ್ಚಿಕೊಳ್ಳುತ್ತದೆ. ಶಿರಾದ ಒಂದಕ್ಷರಕ್ಕೆ ಪಾವಗಡದ ರೈತನಿಗೂ ಮಳೆ ಲೆಕ್ಕವಿಲ್ಲ! ಕಂಪೈಲರ್ ಕಣ್ಣಿಗೆ ಬೀಳಬೇಕಿದ್ದ ತಪ್ಪು ರೈತನ ಕೈಯಲ್ಲಿ ಬಯಲಾಗುತ್ತದೆ. ಇನ್ನು 2014ರ ನವೆಂಬರ್ 1ರಂದು ತುಮಕೂರೂ ಸೇರಿ 12 ಊರುಗಳ ಇಂಗ್ಲಿಷ್ ಹೆಸರೇ ಬದಲಾಯಿತು. ತೋರಿಸುವ ಹೆಸರನ್ನೇ ಹುಡುಕುವ ಹೆಸರನ್ನಾಗಿಯೂ ಮಾಡಿಕೊಂಡಿದ್ದರೆ ಇಂಥ ಆದೇಶದ ಮರುದಿನ ಕೋಡ್ ತಿದ್ದಲು ಕೂರಬೇಕು.

ಆಮೇಲಿನ ವರ್ಷಗಳಲ್ಲಿ ತಪ್ಪನ್ನು ಮತ್ತೆ ಕಂಪೈಲರ್ ಮುಂದೆ ತರುವ ಪ್ರಯತ್ನಗಳಾದವು. 2020ರ ಆಂಡ್ರಾಯ್ಡ್ ಸ್ಟುಡಿಯೋ 3.6 ‘ವ್ಯೂ ಬೈಂಡಿಂಗ್’ ತಂದಿತು. 2021ರ ಜುಲೈನಲ್ಲಿ ಬಂದ, ಪರದೆ ಕಟ್ಟುವ ಸಾಧನ ‘ಕಂಪೋಸ್’ 1.0ರಲ್ಲಿ ಐಡಿಯಿಂದ ಹುಡುಕುವ ಗೊಡವೆಯೇ ಇಲ್ಲ.

ತಾಲ್ಲೂಕುಗಳ ಮಟ್ಟಿಗೆ ನನಗೆ ಸರಿ ಕಾಣುವುದು 2014ರಲ್ಲಿ ಬಂದ ‘ರಿಸೈಕ್ಲರ್‌ವ್ಯೂ’ ಪಟ್ಟಿಯೇ. ತಾಲ್ಲೂಕಿಗೊಂದು ಬದಲಾಗದ ಸಂಕೇತ, ತೋರಿಸಲು ಕನ್ನಡದ ಹೆಸರು. ನಾಳೆ ಹೋಬಳಿಗಳು ಸೇರಿದರೂ ಪಟ್ಟಿ ಉದ್ದವಾಗುತ್ತದೆ ಅಷ್ಟೆ. ತಾಲ್ಲೂಕಿನ ನಕ್ಷೆಯ ಚಿತ್ರ ತೋರಿಸಲು ಮಾತ್ರ ಹೆಸರಿನ ಹುಡುಕಾಟ ಇಟ್ಟುಕೊಳ್ಳಬಹುದು. ಆಗ ಹುಡುಕಾಟವೆಲ್ಲ ಒಂದೇ ಫಂಕ್ಷನ್‌ನಲ್ಲಿರಲಿ, ಸೊನ್ನೆ ಬಂದರೆ ಜಿಲ್ಲೆಯ ನಕ್ಷೆ ತೋರಲಿ.